ಡ್ಯೂಟಿ ಅಂದ್ರೆ ಹೊಟ್ಟೆಯಲ್ಲಿ ಸಂಕಟ, ಏನು ಮಾಡಲಿ?

ಈ ಸಲ ಬಂದ ಕಾಗದಗಳಲ್ಲಿ ಮೂರು ಒಂದೇ ಸಂಗತಿಯ ಸುತ್ತ ಇವೆ: ಕೆಲಸದ ಜಾಗದಲ್ಲಿ ಕೊಡುವ ತ್ರಾಸ. ಹೆಸರು ಬಿಟ್ಟು, ಸ್ವಲ್ಪ ಚಿಕ್ಕದು ಮಾಡಿ ಹಾಕಿದ್ದೇವೆ. ಉತ್ತರ ನಮ್ಮ ಆಪ್ತ ಸಮಾಲೋಚಕಿಯವರದು.

ಪ್ರಶ್ನೆ: ನಾನು ಕಲಬುರಗಿಯ ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ವಯಸ್ಸು 24. ಆಳಂದದ ಕಡೆಯ ಹಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತೇನೆ. ಎಂಟು ತಿಂಗಳಿಂದ ನಮ್ಮ ಇನ್‌ಚಾರ್ಜ್ ಸಿಸ್ಟರ್ ನನ್ನ ಬೆನ್ನು ಬಿದ್ದಿದ್ದಾರೆ. ನೈಟ್ ಡ್ಯೂಟಿ ಎಲ್ಲರಿಗಿಂತ ನನಗೇ ಜಾಸ್ತಿ. ಬೆಳಿಗ್ಗೆ ಹ್ಯಾಂಡೋವರ್ ಹೊತ್ತಿಗೆ ಎಲ್ಲರೆದುರು ‘ಯಾರ್ ಕೊಟ್ರವ್ವ ನಿಂಗ ಸರ್ಟಿಫಿಕೇಟ್?’ ಅನ್ನುತ್ತಾರೆ. ನನ್ನ ತಪ್ಪಿನ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿ ನಗಿಸುತ್ತಾರೆ. ಜೊತೆಯವರು ಈಗ ಚಹಾಕ್ಕೂ ಕರೆಯುವುದಿಲ್ಲ. ಬಸ್ಸು ಊರೊಳಗೆ ಬಂತೆಂದರೆ ಹೊಟ್ಟೆ ಹಿಂಡುತ್ತದೆ. ಅವ್ವ ‘ಹಿರೇರು ಬೈದ್ರ ಸಹಿಸ್ಕೊ’ ಅಂತಾಳೆ. ತಪ್ಪು ನನ್ನದೇ ಇರಬಹುದಾ ಮೇಡಂ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕೆಲಸದಲ್ಲಿ ನಿಮ್ಮಿಂದ ತಪ್ಪು ಆಗಿರಬಹುದಮ್ಮ. ಇಂಜೆಕ್ಷನ್ ಕೊಟ್ಟ ಹೊತ್ತು ಚಾರ್ಟಿನಲ್ಲಿ ಬರೆಯಲು ಮರೆತರೆ ಬೈಸಿಕೊಳ್ಳಲೇಬೇಕು, ರೋಗಿಯ ಜೀವದ ಮಾತು ಅದು. ಆದರೆ ತಿದ್ದುವವರು ಪಕ್ಕಕ್ಕೆ ಕರೆದು ಬೈದು, ಮಧ್ಯಾಹ್ನಕ್ಕೆ ಮರೆಯುತ್ತಾರೆ. ಗ್ರೂಪಿಗೆ ಫೋಟೊ ಹಾಕಿ ನಗಿಸಿದರೆ ಯಾವ ಚಾರ್ಟೂ ಸರಿಹೋಗುವುದಿಲ್ಲ. ಅಲ್ಲಿ ನಡೆದಿರುವುದು ಬೇರೆಯೇ.

ಆ ಬೇರೆಯದನ್ನು 1980ರ ದಶಕದಲ್ಲಿ ಸ್ವೀಡನ್ನಿನಲ್ಲಿ ಹೈಂಜ್ ಲೇಮನ್ ಎಂಬ ಮನಶ್ಶಾಸ್ತ್ರಜ್ಞರು ಬೆನ್ನುಹತ್ತಿ ನೋಡಿದರು. ಅದಕ್ಕೆ ಅವರು ಬಳಸಿದ ಹೆಸರು ‘ಮಾಬಿಂಗ್’. ಹಕ್ಕಿಗಳ ನಡವಳಿಕೆಗೆ ಬಳಸುತ್ತಿದ್ದ ಮಾತು. ಹಗಲಿನಲ್ಲಿ ಗೂಬೆ ಹೊರಬಿದ್ದರೆ ಕಾಗೆಗಳು ಕೂಡಿ ಕುಕ್ಕುತ್ತವಲ್ಲ, ಹಾಗೆ. ಒಂದು ಕಾಗೆ ಶುರು ಹಚ್ಚುತ್ತದೆ, ಉಳಿದವು ಬಂದು ಸೇರುತ್ತವೆ. ವಾರಕ್ಕೆ ಒಮ್ಮೆಯಾದರೂ, ಆರು ತಿಂಗಳಾದರೂ ನಡೆದಿರಬೇಕು ಎಂಬುದು ಲೇಮನ್ ಇಟ್ಟ ಅಳತೆ. (ಅದು ಅಧ್ಯಯನಕ್ಕೆ ಎಳೆದ ಗೆರೆ. ಆರು ತಿಂಗಳು ತುಂಬಲಿ ಅಂತ ಯಾರೂ ಕಾಯಬೇಡಿ.) ಚಹಾಕ್ಕೆ ಯಾಕೆ ಕರೆಯುವುದಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಸಿಗುತ್ತದೆ. ಜೊತೆಯವರಿಗೆ ನಿಮ್ಮ ಮೇಲೆ ಸಿಟ್ಟು ಇರಲಿಕ್ಕಿಲ್ಲ. ಮುಂದಿನ ಸರದಿ ತಮ್ಮದಾಗುತ್ತದೆ ಅನ್ನುವ ಅಂಜಿಕೆ.

ನಾಳೆಯೇ ಒಂದು 40 ಪುಟದ ನೋಟ್‌ಬುಕ್ ತಗೊಳ್ಳಿ. ಮನೆಯಲ್ಲಿಡಿ, ಆಸ್ಪತ್ರೆಯಲ್ಲಿ ಬೇಡ. ‘ಸಿಸ್ಟರ್ ತುಂಬಾ ಕೆಟ್ಟದಾಗಿ ನಡೆದುಕೊಂಡರು’ ಅಂತ ಬರೆದರೆ ಉಪಯೋಗವಿಲ್ಲ. ಹೀಗೆ ಬರೆಯಿರಿ: ‘ಮಂಗಳವಾರ, ಬೆಳಿಗ್ಗೆ 8.10, ನರ್ಸಿಂಗ್ ಸ್ಟೇಷನ್. ಆರು ಜನ ಇದ್ದರು. ಯಾರ್ ಕೊಟ್ರವ್ವ ನಿಂಗ ಸರ್ಟಿಫಿಕೇಟ್ ಅಂದರು.’ ಆಡಿದ ಮಾತು ಆಡಿದ ಹಾಗೇ ಇರಲಿ. ಗ್ರೂಪಿನ ಮೆಸೇಜ್ ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮೂರು ತಿಂಗಳ ಡ್ಯೂಟಿ ಪಟ್ಟಿ ಇಟ್ಟುಕೊಂಡು ಯಾರಿಗೆ ಎಷ್ಟು ನೈಟ್ ಬಂದಿದೆ ಎಣಿಸಿ. ಬರೀ ಬಾಯಿಮಾತಿಗೆ ‘ಅದು ತಮಾಷಿ’ ಅನ್ನಬಹುದು, ಎಣಿಕೆಗೆ ಹಾಗೆ ಅನ್ನಲು ಬರುವುದಿಲ್ಲ. ಒಂದು ಎಚ್ಚರಿಕೆ: ಸಾಕ್ಷಿಗೆಂದು ರೋಗಿಗಳ ಕಾಗದಪತ್ರದ ಫೋಟೊ ತೆಗೆಯಬೇಡಿ, ಅದೇ ನಿಮ್ಮ ಮೇಲೆ ತಿರುಗಿಬೀಳುತ್ತದೆ.

ಆಮೇಲೆ ಒಂದು ಪುಟದ ಅರ್ಜಿ ಬರೆದು ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಕೊಡಿ. ‘ಅವರನ್ನು ತೆಗೆದುಹಾಕಿ’ ಅಂತ ಕೇಳಬೇಡಿ. ನೈಟ್ ಸರದಿ ಪ್ರಕಾರ ಬರಲಿ, ತಪ್ಪನ್ನು ಗ್ರೂಪಿಗೆ ಹಾಕದೆ ನನಗೇ ಹೇಳಲಿ ಅಂತ ಕೇಳಿ. ಇಂಥದ್ದಕ್ಕೆ ಇಲ್ಲ ಅನ್ನುವುದು ಮ್ಯಾನೇಜ್‌ಮೆಂಟಿಗೆ ಕಷ್ಟ. ಒಂದು ಪ್ರತಿಗೆ ತಲುಪಿದ ಸಹಿ ಹಾಕಿಸಿಕೊಳ್ಳಿ.

ಕಾನೂನಿನ ಬಗ್ಗೆ ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಸ್ವೀಡನ್ 1993ರಲ್ಲೇ ಇದಕ್ಕೆಂದು ನಿಯಮ ಮಾಡಿತು. ನಮ್ಮಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ಕಾಯ್ದೆ ಇಲ್ಲ. ಹಾಗಂತ ದಾರಿಯೇ ಇಲ್ಲ ಅಂತಲ್ಲ. 20 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಕುಂದುಕೊರತೆ ಸಮಿತಿ ಇರಬೇಕು ಎಂದು ಕಾರ್ಮಿಕ ಕಾನೂನು ಹೇಳುತ್ತದೆ. ನಿಮ್ಮಲ್ಲಿ ಇದೆಯಾ ಕೇಳಿ. ತ್ರಾಸದಲ್ಲಿ ಲೈಂಗಿಕ ಮಾತು, ಸ್ಪರ್ಶ, ಮೆಸೇಜ್ ಇದ್ದರೆ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಬರುತ್ತದೆ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಕಡ್ಡಾಯ, ದೂರನ್ನು ಮೂರು ತಿಂಗಳೊಳಗೆ ಕೊಡಬೇಕು. ಪರಿಶಿಷ್ಟ ಜಾತಿ, ಪಂಗಡದವರನ್ನು ಮಂದಿ ಎದುರು ಜಾತಿ ಹಿಡಿದು ಹೀಯಾಳಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಪೊಲೀಸ್ ಠಾಣೆಗೇ ಹೋಗಬಹುದು.

ಈಗ ಮುಖ್ಯ ಮಾತು. ದೂರು ಕೊಡುವುದು ಬೇರೆ, ಆರಾಮ ಆಗುವುದು ಬೇರೆ. ದೂರಿನ ತೀರ್ಮಾನ ಬರಲಿ, ಆಮೇಲೆ ನಿದ್ದೆ ಬರುತ್ತದೆ ಅಂದುಕೊಂಡವರು ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದನ್ನು ನೋಡಿದ್ದೇನೆ. ನಾನೂ ಅವರಲ್ಲಿ ಒಬ್ಬಳೇ. 26ನೇ ವಯಸ್ಸಿನಲ್ಲಿ ನನ್ನ ಮೊದಲ ಕೆಲಸದಲ್ಲಿ ಒಬ್ಬ ಹಿರಿಯರು ನಾನು ಬರೆದ ಕೇಸ್ ಪೇಪರನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ತೋರಿಸಿ ನಗಿಸುತ್ತಿದ್ದರು. ಆ ಕೆಲಸ ಬಿಟ್ಟು ಎರಡು ವರ್ಷವಾದ ಮೇಲೂ ಯಾರಾದರೂ ಹಿಂದೆ ನಿಂತರೆ ನನ್ನ ಪೆನ್ನು ನಿಂತುಬಿಡುತ್ತಿತ್ತು. ದೂರು ಅಲ್ಲೇ ಕೊಳೆಯಿತು. ಪೆನ್ನು ಮಾತ್ರ ಮೆಲ್ಲಗೆ ಓಡಲು ಶುರುವಾಯಿತು, ಅದಕ್ಕೆ ಬೇರೆ ಸಹಾಯ ತಗೊಂಡಿದ್ದೆ.

ಹೊಟ್ಟೆ ಹಿಂಡುವುದು ನಾಟಕ ಅಲ್ಲ. ಅಪಾಯ ಬಂತು ಅಂತ ಮೈ ಮೊದಲೇ ಗಂಟೆ ಬಾರಿಸುತ್ತಿದೆ. ನೈಟ್ ಮುಗಿಸಿ ಬಂದ ದಿನ ಮನೆಕೆಲಸಕ್ಕೆ ಇಳಿಯದೆ ಕಿಟಕಿ ಮುಚ್ಚಿ ಮಲಗಿ. ಅವ್ವನಿಗೆ ಇದನ್ನು ಓದಿಸಿ. ಚಹಾಕ್ಕೆ ಕರೆಯದವರಲ್ಲಿ ಒಬ್ಬಳನ್ನು ಆರಿಸಿಕೊಂಡು, ಆಸ್ಪತ್ರೆಯ ಹೊರಗೆ, ಅಪ್ಪನ ಕೆರೆಯ ಕಡೆ ಒಂದು ಸಂಜೆ ಮಾತಾಡಿಸಿ. ಎಲ್ಲರೂ ಬೇಕಾಗಿಲ್ಲ, ಒಬ್ಬಳು ಸಾಕು. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನ ಮನೋವೈದ್ಯರನ್ನು ನೋಡಿ. ಹಗಲು ರಾತ್ರಿ ಯಾವಾಗಲಾದರೂ 14416ಕ್ಕೆ ಫೋನ್ ಹಚ್ಚಬಹುದು. 2022ರಲ್ಲಿ ಶುರುವಾದ, ಮನಸ್ಸಿನ ತೊಂದರೆಗೆಂದೇ ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ಅದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕೆಲಸ ಬಿಡಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೇರೆ ಕಡೆ ಅರ್ಜಿ ಹಾಕುವುದು ಸೋಲು ಅಲ್ಲ. ಮೂಲ ಸರ್ಟಿಫಿಕೇಟ್ ಆಸ್ಪತ್ರೆಯವರ ಹತ್ತಿರ ಇದ್ದರೆ ಇವತ್ತೇ ಬರವಣಿಗೆಯಲ್ಲಿ ವಾಪಸ್ ಕೇಳಿ.

ಪ್ರಶ್ನೆ: ಯಾದಗಿರಿಯ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಸೀಜನ್‌ನಲ್ಲಿ ಲಾರಿ ಸಾಲು ನಿಂತಿರುತ್ತವೆ. ಬೈಯದಿದ್ದರೆ ಕೆಲಸ ಆಗುವುದಿಲ್ಲ. ಮೊನ್ನೆ ಒಬ್ಬ ಹುಡುಗ ಅಳುತ್ತಾ ಹೋದವನು ಮತ್ತೆ ಬರಲೇ ಇಲ್ಲ. ಇಷ್ಟಕ್ಕೆಲ್ಲ ತ್ರಾಸ ಅನ್ನುತ್ತಾರಾ?

ಉತ್ತರ: ಈ ಪ್ರಶ್ನೆ ಕೇಳಲು ನಿಮಗೆ ಮನಸ್ಸು ಬಂತಲ್ಲ, ಅದಕ್ಕೆ ಖುಷಿ. ಜಿನ್ನಿಂಗ್ ಯಂತ್ರದ ಸದ್ದಿನಲ್ಲಿ ಕೂಗದೆ ಮಾತು ಕೇಳುವುದಿಲ್ಲ, ಗೊತ್ತು. ‘ಬೆಲ್ಟಿಗೆ ಕೈ ಹಚ್ಚಬ್ಯಾಡೋ!’ ಅಂತ ಎಷ್ಟು ಜೋರಾಗಿ ಬೇಕಾದರೂ ಕೂಗಿ. ಆದರೆ ಆ ಹುಡುಗನಿಗೆ ನೀವು ಅಂದದ್ದು ಏನು? ಕಾಗದದಲ್ಲಿ ಅದನ್ನು ಬರೆದಿಲ್ಲ. ಕೆಲಸಕ್ಕೆ ಬೈದಿರಾ, ಅವರಪ್ಪನಿಗೆ, ಜಾತಿಗೆ, ಮೈಗೆ ಬೈದಿರಾ? ದಿನಾ ಅವನೊಬ್ಬನಿಗೇ ಬೈದಿರಾ? ನಿಮಗೆ ಗೊತ್ತಿರುತ್ತದೆ.

ನೀವು ಬದಲಾದರೆ ಅರ್ಧ ಕೆಲಸ ಆಯಿತು. ಉಳಿದರ್ಧ ಸಾಹುಕಾರರದು. ಭಾರದ ಕೆಲಸ, ರಾತ್ರಿ ಪಾಳಿ ಯಾರಿಗೆ ಯಾವಾಗ ಎಂಬುದು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇರಲಿ. ಪಾಳಿ ಹಂಚುವ ಅಧಿಕಾರ ಒಬ್ಬರ ಜೇಬಿನಲ್ಲಿ ಇದ್ದ ಕಡೆ ತ್ರಾಸ ಬೇಗ ಬೇರು ಬಿಡುತ್ತದೆ. ಅಡ್ಡಹೆಸರು ಇಟ್ಟು ಕರೆಯುವುದನ್ನು ಮೊದಲ ದಿನವೇ ತಡೆಯಿರಿ, ಮುಂದಿನದೆಲ್ಲ ಅಲ್ಲಿಂದಲೇ ಶುರುವಾಗುವುದು. ದೂರು ಕೇಳುವವರು ಇಬ್ಬರು ಇರಲಿ. ಒಬ್ಬರೇ ಇದ್ದು, ಅವರು ನೀವೇ ಆಗಿದ್ದರೆ ನಿಮ್ಮ ಮೇಲಿನ ದೂರನ್ನು ಯಾರಿಗೆ ಕೊಡಬೇಕು?

ಆ ಹುಡುಗನ ಮನೆ ಗೊತ್ತಿದ್ದರೆ ಒಮ್ಮೆ ಹೋಗಿ ಬನ್ನಿ. ಬಾಕಿ ಕೂಲಿ ಕೈಯಲ್ಲಿ ಇರಲಿ. ಕೆಲಸಕ್ಕೆ ವಾಪಸ್ ಕರೆಯಲಿಕ್ಕೆ ಅಂತ ಹೋಗಬೇಡಿ, ತಪ್ಪಾಯಿತು ಅನ್ನಲಿಕ್ಕೆ ಹೋಗಿ.

ಪ್ರಶ್ನೆ: ನಮ್ಮವರು ಬೀದರಿನ ಒಂದು ಫೈನಾನ್ಸ್ ಕಂಪನಿಯಲ್ಲಿದ್ದರು. ಟಾರ್ಗೆಟ್ ಮುಟ್ಟಲಿಲ್ಲ ಅಂತ ಮ್ಯಾನೇಜರ್ ರಾತ್ರಿ ಹತ್ತಕ್ಕೆಲ್ಲ ಫೋನ್ ಮಾಡಿ ಬೈಯುತ್ತಿದ್ದ. ಕೆಲಸ ಬಿಟ್ಟು ಮೂರು ತಿಂಗಳಾಯಿತು. ಈಗಲೂ ಫೋನ್ ಬಡಿದರೆ ಬೆಚ್ಚುತ್ತಾರೆ. ಮದುವೆ, ಮುಂಜಿವೆಗೂ ಬರುವುದಿಲ್ಲ. ‘ಗಂಡಸಾಗಿ ಇಷ್ಟಕ್ಕ ಅಂಜಿದ್ಯಾ’ ಅಂತ ಭಾವ ಅಂದರು.

ಉತ್ತರ: ಭಾವನವರನ್ನು ಸ್ವಲ್ಪ ದಿನ ದೂರ ಇಡಿ. ಇವತ್ತು ಮಾಡುವ ಕೆಲಸ ಒಂದಿದೆ: ಫೋನಿನ ರಿಂಗ್‌ಟೋನ್ ಬದಲಿಸಿ. ಆ ಸದ್ದಿಗೂ ಬೈಗುಳಕ್ಕೂ ಗಂಟು ಬಿದ್ದಿದೆ. ರಾತ್ರಿ ಒಂಬತ್ತರ ಮೇಲೆ ಫೋನ್ ನಿಮ್ಮ ಹತ್ತಿರ ಇರಲಿ.

‘ಮರೆತುಬಿಡ್ರಿ’ ಅನ್ನಬೇಡಿ. ಬೆಳಿಗ್ಗೆ ಬರೀದ್ ಶಾಹಿ ತೋಟಕ್ಕೆ ಜೊತೆಗೆ ನಡೆಯಲು ಹೋಗಿ. ಮಾತು ಬಂದರೆ ಬರಲಿ, ಇಲ್ಲದಿದ್ದರೆ ನಡೆದರಾಯಿತು. ಮೂರು ತಿಂಗಳಾಗಿದೆ, ಆದ್ದರಿಂದ ಬೀದರಿನ ಸರ್ಕಾರಿ ಆಸ್ಪತ್ರೆ ಬ್ರಿಮ್ಸ್‌ನಲ್ಲಿ ಮನೋವೈದ್ಯರಿಗೆ ಒಮ್ಮೆ ತೋರಿಸಲೇಬೇಕು. ಬದುಕುವುದೇ ಬೇಡ ಅನ್ನುವಂಥ ಮಾತು ಬಾಯಿಂದ ಬಂದರೆ ಅವರನ್ನು ಒಬ್ಬರೇ ಬಿಡಬೇಡಿ. ಆ ಗಳಿಗೆಯಲ್ಲೇ 14416ಕ್ಕೆ ಫೋನ್ ಹಚ್ಚಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಮದುವೆಗೆ ಒತ್ತಾಯ ಬೇಡ. ಊಟದ ಹೊತ್ತಿಗೆ ಹೋಗಿ, ಅಕ್ಷತೆ ಹಾಕಿ, ಅರ್ಧ ಗಂಟೆಗೆ ವಾಪಸ್ ಬಂದರೂ ನಡೆಯುತ್ತದೆ. ಎದ್ದು ಹೊರಡುವುದು ಅವರು ಹೇಳಿದಾಗ ಅಂತ ಮೊದಲೇ ಮಾತಾಡಿಕೊಂಡು ಹೋಗಿ.