ಅರ್ಧ ಡಬ್ಬಿ ಅದಿರು

ಮಾನ್ಯರೇ,

ಅದಿರು ಹಡಗಿನ ಹದಿನಾಲ್ಕು ವರ್ಷಗಳ ಕುರಿತು ನೀವು ಕಳುಹಿಸಿದ ನೆನಪುಗಳನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಹಾಗೆಂದು ಬದಿಗಿಡಲೂ ಮನಸ್ಸು ಬರಲಿಲ್ಲ. ಅದಕ್ಕೆ ಹನ್ನೊಂದನೆಯ ಪುಟ ಕಾರಣ.

ಮೊದಲ ಆರು ಪುಟಗಳಲ್ಲಿ ಸೂರ್ಯ ನಾಲ್ಕು ಸಲ ಮುಳುಗುತ್ತಾನೆ. ಉಕ್ಕಿನ ಕಾರ್ಖಾನೆಗಳಿಗೆ ಅದಿರು ಸಾಗಿಸಿದವರು ನೀವು. ಆ ಅದಿರು ತಲೆ ತೋರುವುದು ಏಳನೆಯ ಪುಟದಲ್ಲಿ, ಅದೂ ‘ಸರಕು’ ಎಂಬ ಹೆಸರಿನಲ್ಲಿ! ಅಲ್ಲೊಂದು ಒಳ್ಳೆಯ ಸಾಲಿದೆ: ಹೇರಿ ಮುಗಿದ ಮೇಲೂ ಹೋಲ್ಡ್‌ನೊಳಗೆ, ಅಂದರೆ ಸರಕು ತುಂಬುವ ಹಡಗಿನ ಒಡಲೊಳಗೆ, ಇಣುಕಿದರೆ ಮುಕ್ಕಾಲು ಖಾಲಿ. ಏಕೆಂದು ಹೇಳದೆ ಮುಂದೆ ಹೋಗಿದ್ದೀರಿ. ಒಂದು ಘನ ಮೀಟರ್ ಅದಿರು ಸಾಮಾನ್ಯವಾಗಿ 2 ಟನ್ನಿಗೂ ಮೀರಿ ತೂಗುತ್ತದೆ. ಹೋಲ್ಡ್ ತುಂಬುವ ಎಷ್ಟೋ ಮೊದಲೇ ಹಡಗು ಭಾರದ ಗೆರೆಯವರೆಗೆ, ಅಂದರೆ ನೀರಿನಲ್ಲಿ ಇಳಿಯಬಹುದಾದ ಮಿತಿಯ ಗುರುತಿನವರೆಗೆ, ಇಳಿದಿರುತ್ತದೆ. ಆ ಭಾರವೆಲ್ಲ ತಳದಲ್ಲಿ ಕುಳಿತಿರುವುದರಿಂದ ಹಡಗು ಒಂದು ಮಗ್ಗುಲಿಗೆ ವಾಲಿದೊಡನೆ ಜಗ್ಗಿದಂತೆ ನೆಟ್ಟಗಾಗುತ್ತದೆ. ‘ತೊಟ್ಟಿಲಿನಂತೆ ತೂಗಿತು’ ಎಂದಿದ್ದೀರಿ. ನಾನು ನಂಬಲಿಲ್ಲ. ನಿಮ್ಮದೇ ಎಂಟನೆಯ ಪುಟದಲ್ಲಿ ಊಟದ ತಟ್ಟೆ ಮೇಜಿನಿಂದ ಹಾರಿ ಗೋಡೆಗೆ ಬಡಿಯುತ್ತದಲ್ಲ!

ಇನ್ನು ಹನ್ನೊಂದನೆಯ ಪುಟ. ಮಳೆಯಲ್ಲಿ ನೆನೆದ ಪುಡಿ ಅದಿರನ್ನು ಚೀಫ್ ಆಫೀಸರ್ ಒಂದು ಡಬ್ಬಿಗೆ ಅರ್ಧ ತುಂಬಿ, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟುತ್ತಾರೆ. ಕುಟ್ಟಿ ನೋಡಿದರೆ ಪುಡಿಯ ಮೇಲೆ ನೀರು ಮಿನುಗುತ್ತಿದೆ. ಅಂಥ ಅದಿರು ಅಲೆಗಳ ಕುಲುಕಾಟಕ್ಕೆ ಕೆಸರಾಗಿ ಒಂದು ಬದಿಗೆ ಸರಿದರೆ ಹಡಗು ಮಗುಚಲು ಹೆಚ್ಚು ಹೊತ್ತು ಬೇಡ. ಸುತ್ತ ನಿಂತವರಿಗೆಲ್ಲ ಅದು ಗೊತ್ತು. ನಿಮ್ಮ ಮುಂದಿನ ವಾಕ್ಯ: ‘ತೇವಾಂಶ ಪರೀಕ್ಷೆಯ ನಂತರ ಹಡಗು ಹೊರಟಿತು.’ ಅಷ್ಟೇ. ಹೇರಿದ್ದನ್ನು ಇಳಿಸಿದರೇ? ಹಾಗೆಯೇ ಹೊರಟಿರೇ? ಮೊದಲು ಮಾತಾಡಿದವರು ಯಾರು? ಆ ರಾತ್ರಿ ನಿಮಗೆ ನಿದ್ದೆ ಬಂತೇ?

ಇದನ್ನೆಲ್ಲ ಬಿಟ್ಟು ಮೂರು ಪುಟಗಳನ್ನು ‘ಡರ್ಬಿಶೈರ್’ಗೆ ಕೊಟ್ಟಿದ್ದೀರಿ. 1980ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಬಳಿ ಚಂಡಮಾರುತಕ್ಕೆ ಸಿಕ್ಕಿ 44 ಜನರೊಂದಿಗೆ ಮುಳುಗಿದ ಬ್ರಿಟನ್ನಿನ ಅದಿರು ಹಡಗು ಅದು. ದೊಡ್ಡ ದುರಂತವೇ. ಆದರೆ ನೀವು ಅದರಲ್ಲಿರಲಿಲ್ಲ. ಮೇಲಾಗಿ ಅಲ್ಲಿ ಅದಿರು ಕೆಸರಾಗಿರಲಿಲ್ಲ. ಮುಂಭಾಗಕ್ಕೆ ನೀರು ನುಗ್ಗಿ ಹ್ಯಾಚ್ ಮುಚ್ಚಳಗಳು, ಅಂದರೆ ಹೋಲ್ಡ್‌ಗಳ ಬಾಯಿ ಮುಚ್ಚುವ ಮುಚ್ಚಳಗಳು, ಕುಸಿದವು ಎಂದು ತನಿಖೆ ಹೇಳಿತು. ಆ ಪುಟಗಳನ್ನು ತೆಗೆದುಹಾಕಿ.

ಡಬ್ಬಿಯಿಂದಲೇ ಶುರುಮಾಡಿ, 1,200 ಪದಗಳೊಳಗೆ ಮತ್ತೆ ಬರೆದು ಕಳುಹಿಸಿ. ಸೂರ್ಯಾಸ್ತ ಬೇಕೇ ಬೇಕೆಂದರೆ ಒಂದನ್ನು ಉಳಿಸಿಕೊಳ್ಳಿ. ಮತ್ತೆ, ಆ ಡಬ್ಬಿ ಹಾಲಿನ ಪುಡಿಯದೋ, ಬಣ್ಣದ್ದೋ? ಅದನ್ನೂ ಬರೆಯಿರಿ.

ಸಂಪಾದಕ