ಯಹೂದಿಗಳ ಸಬ್ಬತ್ ದಿನವನ್ನ, ಅಂದ್ರೆ ಏನೂ ಕೆಲಸ ಮಾಡದ ದಿನವನ್ನ, ಚಿತ್ರದಲ್ಲಿ ತೋರಿಸೋದು ಹೇಗೆ?

ನೀವು ಕೇಳಿರೋದು ಎರಡು ಪ್ರಶ್ನೆ. ಮೂರ್ತಿಪೂಜೆ ಒಪ್ಪದ ಯಹೂದಿಗಳಲ್ಲಿ ಚಿತ್ರಕಲೆ ಇದೆಯಾ ಅಂತ ಒಂದು, ಶನಿವಾರ ಎಲ್ಲ ಕೆಲಸ ಬಿಟ್ಟು ಕೂರ್ತಾರಲ್ಲ, ಏನೂ ನಡೀದೇ ಇರೋ ದಿನದಲ್ಲಿ ಬರೆಯೋಕೆ ಏನಿರುತ್ತೆ ಅಂತ ಇನ್ನೊಂದು. ಮೊದಲನೇದಕ್ಕೆ ಉತ್ತರ ಚಿಕ್ಕದು: ಧಾರಾಳವಾಗಿ ಇದೆ, ಪೂಜೆಗೆ ವಿಗ್ರಹ ಬೇಡ ಅಂದವರು ಬಣ್ಣಾನೇ ಬೇಡ ಅಂದಿಲ್ಲ. ಎರಡನೇದು ನನ್ನ ಮನಸ್ಸಿಗೆ ಬಹಳ ಹತ್ತಿರದ್ದು, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ.

ನಾನಿರೋದು ನ್ಯೂಜೆರ್ಸಿಲಿ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂಲಿರೋ ಜ್ಯೂಯಿಶ್ ಮ್ಯೂಸಿಯಂಗೆ ಮೊದಲ ಸಲ ಹೋಗಿದ್ದು ಒಂದು ಶನಿವಾರ, ಟಿಕೆಟ್ಟಿಗೆ ಅಂತ ಕಾರ್ಡ್ ತೆಗೆದ್ರೆ ಇವತ್ತು ದುಡ್ಡಿಲ್ಲ ಹಾಗೇ ಹೋಗಿ ಅಂದ್ರು, ಒಳಗಿರೋ ಅಂಗಡಿನೂ ಮುಚ್ಚಿತ್ತು, ಸಬ್ಬತ್ ದಿನ ವ್ಯಾಪಾರ ಇಲ್ಲ. ಅವತ್ತು ಮೊರಿಟ್ಜ್ ಡ್ಯಾನಿಯಲ್ ಒಪೆನ್‌ಹೈಮ್ ಅನ್ನೋ ಜರ್ಮನ್ ಯಹೂದಿ ಕಲಾವಿದನ ಒಂದು ಚಿತ್ರದ ಮುಂದೆ ನಿಂತವನು ಅರ್ಧ ಗಂಟೆ ಅಲ್ಲಾಡಲಿಲ್ಲ. 1833-34ರಲ್ಲಿ ಬರೆದಿದ್ದು. ನೆಪೋಲಿಯನ್ ವಿರುದ್ಧದ ಯುದ್ಧಕ್ಕೆ ತಾನಾಗೇ ಸೇರಿದ ಹುಡುಗ ಗಾಯ ಮಾಡ್ಕೊಂಡು ಮನೆಗೆ ಬಂದಿದಾನೆ, ಮೈಮೇಲೆ ಸೈನಿಕನ ಯೂನಿಫಾರ್ಮ್, ಮನೆಯವರೆಲ್ಲ ಸುತ್ತ ನೆರೆದಿದಾರೆ. ಮೇಜಿನ ಮೇಲೆ ಸಬ್ಬತ್ ಬ್ರೆಡ್ಡು, ದ್ರಾಕ್ಷಾರಸದ ಬಟ್ಟಲು. ಅಂದ್ರೆ ಅವನು ಬಂದಿರೋದು ಸಬ್ಬತ್ ದಿನ, ಪ್ರಯಾಣ ಮಾಡಬಾರದ ದಿನ ಪ್ರಯಾಣ ಮಾಡಿ ಬಂದಿದಾನೆ, ಮನೆ ಸೇರೋ ಆತುರಕ್ಕೆ ಮನೆಯ ನಿಯಮಾನೇ ಮುರಿದಿದಾನೆ. ಇನ್ನೂ ಒಂದಿದೆ. ಅವನ ಎದೆ ಮೇಲಿರೋ ಪದಕ ಐರನ್ ಕ್ರಾಸ್, ಶಿಲುಬೆ ಆಕಾರದ್ದು, ಅಪ್ಪ ಅದನ್ನೇ ನೋಡ್ತಾ ಇದಾನೆ. ಮಗನ ಶೌರ್ಯದ ಹೆಮ್ಮೆನೂ ಇದೆ, ಯಹೂದಿ ಮನೆಯೊಳಗೆ ಸಬ್ಬತ್ ದಿನ ಶಿಲುಬೆ ಬಂತಲ್ಲ ಅನ್ನೋ ಕಸಿವಿಸಿನೂ ಇದೆ. ನೆಪೋಲಿಯನ್ ಕಾಲದಲ್ಲಿ ಯಹೂದಿಗಳಿಗೆ ಸಿಕ್ಕಿದ್ದ ಎಷ್ಟೋ ಹಕ್ಕುಗಳನ್ನ 1815ರ ನಂತರ ಜರ್ಮನ್ ರಾಜ್ಯಗಳು ವಾಪಸ್ ಕಿತ್ಕೊಂಡಿದ್ವು, ಅದಕ್ಕೇ ಈ ಚಿತ್ರ ನಾವೂ ಈ ನೆಲಕ್ಕೆ ರಕ್ತ ಕೊಟ್ಟಿದೀವಿ ಅಂತ ಊರಿಗೆಲ್ಲ ಹೇಳ್ತಿದೆ. ಇದೆಲ್ಲ ಬರೀ ಒಂದು ಮೇಜು, ಒಂದು ಪದಕ, ಒಬ್ಬ ಅಪ್ಪನ ಕಣ್ಣಲ್ಲಿ.

ಸಬ್ಬತ್ ಅಂದ್ರೆ ಶುಕ್ರವಾರ ಸೂರ್ಯ ಮುಳುಗೋದ್ರಿಂದ ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಾಣೋವರೆಗೆ. ಆ ಹೊತ್ತಲ್ಲಿ 39 ಬಗೆಯ ಕೆಲಸ ಮಾಡೋ ಹಾಗಿಲ್ಲ ಅಂತ ಅವರ ಶಾಸ್ತ್ರ ಎಣಿಸಿಟ್ಟಿದೆ, ಬೆಂಕಿ ಹೊತ್ತಿಸೋದು, ಬಣ್ಣ ಹಾಕೋದು, ಬರೆಯೋದು, ಬರೆದಿದ್ದನ್ನ ಅಳಿಸೋದು ಎಲ್ಲಾ ಅದರಲ್ಲಿದೆ. ನಾವು ಕನ್ನಡದಲ್ಲಿ ಅಕ್ಷರಾನೂ ಬರೀತೀವಿ ಚಿತ್ರಾನೂ ಬರೀತೀವಿ, ಅವರಲ್ಲಿ ಆ ದಿನ ಎರಡಕ್ಕೂ ರಜ. ಹಾಗಾಗಿ ನೇಮ ಪಾಲಿಸೋ ಕಲಾವಿದ ಸಬ್ಬತ್ತನ್ನ ಎದುರಿಗೆ ಇಟ್ಕೊಂಡು ಬರೆಯೋಕೆ ಸಾಧ್ಯಾನೇ ಇಲ್ಲ, ಮಂಗಳವಾರನೋ ಬುಧವಾರನೋ ಕೂತು ನೆನಪಿಂದ ಬರೀಬೇಕು. ಬೈಬಲ್ಲಿನ ವಿಮೋಚನಕಾಂಡದ 31ನೇ ಅಧ್ಯಾಯ ತೆಗೆದು ನೋಡಿ, ದೇವರ ಗುಡಾರ, ಅಂದ್ರೆ ಆರಾಧನೆಯ ಡೇರೆ, ಕಟ್ಟೋಕೆ ಬೆಚಲೇಲ ಅನ್ನೋ ಕುಶಲಕರ್ಮಿನ ದೇವರು ಹೆಸರು ಹಿಡಿದು ಆರಿಸ್ತಾನೆ, ಅದು ಮುಗೀತಿದ್ದ ಹಾಗೇ ಸಬ್ಬತ್ ಪಾಲಿಸಿ ಅಂತಾನೆ. 1906ರಲ್ಲಿ ಜೆರುಸಲೇಮಲ್ಲಿ ಶುರುವಾದ ಕಲಾಶಾಲೆಗೆ ಇಟ್ಟಿದ್ದೂ ಅವನ ಹೆಸರೇ, ಬೆಜಲೆಲ್.

ಇಸಿಡೋರ್ ಕೌಫ್‌ಮನ್ ಅಂತ ವಿಯೆನ್ನಾದ ಕಲಾವಿದನ 'ಫ್ರೈಡೇ ಈವ್ನಿಂಗ್' ಕೂಡ ನ್ಯೂಯಾರ್ಕಿನ ಅದೇ ಮ್ಯೂಸಿಯಮ್ಮಲ್ಲಿದೆ, ಸುಮಾರು 1920ರದ್ದು. ಬಿಳಿ ಬಟ್ಟೆ ಹಾಸಿದ ಮೇಜು, ಉರಿಯೋ ಮೇಣದಬತ್ತಿ, ಪಕ್ಕದಲ್ಲಿ ಒಬ್ಬಳೇ ಹೆಂಗಸು ಸುಮ್ನೆ ಕೂತಿದಾಳೆ, ಅಷ್ಟೇ. ವಾರವೆಲ್ಲ ದುಡಿದ ಕೈ ಒಂದು ಕಡೆ ನಿಂತಿರೋದನ್ನ ಹೀಗೆ ಬರೆದವರು ನನಗೆ ಬೇರೆ ಯಾರೂ ಸಿಕ್ಕಿಲ್ಲ. ಇದೇ ಕೌಫ್‌ಮನ್ 1899ರಲ್ಲಿ ವಿಯೆನ್ನಾದ ಯಹೂದಿ ಮ್ಯೂಸಿಯಮ್ಮಲ್ಲಿ ಒಂದು ಇಡೀ ಸಬ್ಬತ್ ಕೋಣೆಯನ್ನೇ ಜೋಡಿಸಿಟ್ಟಿದ್ದ. ಆ ಮ್ಯೂಸಿಯಮ್ಮನ್ನ 1938ರಲ್ಲಿ ನಾಜಿಗಳು ಮುಚ್ಚಿಸಿದ್ರು. ಶಗಾಲ್ ಅನ್ನೋ ಯಹೂದಿ ಕಲಾವಿದ 1910ರಲ್ಲಿ ಬರೆದ 'ಸಬ್ಬತ್' ಈಗ ಜರ್ಮನಿಯ ಕಲೋನಲ್ಲಿದೆ, ನಾನು ಪುಸ್ತಕದಲ್ಲಷ್ಟೇ ನೋಡಿರೋದು, ಕೆಂಪು ಹಳದಿ ಕಾವಿನ ಕೋಣೆ, ಮಂಕಾಗಿ ಕೂತ ಜನ. ಬಿಡುವು ಅಂದ್ರೆ ಯಾವಾಗ್ಲೂ ನೆಮ್ಮದಿ ಅಂತೇನಿಲ್ಲ, ಹೊತ್ತು ಹೋಗದ ಭಾರಾನೂ ಇರುತ್ತೆ, ಅದನ್ನ ಮುಚ್ಚಿಡದೆ ತೋರಿಸಿದ್ದಕ್ಕೆ ನನಗೆ ಅದು ಇಷ್ಟ.

ಇದು ನಮಗೆ ದೂರದ ವಿಷಯ ಅನ್ಕೋಬೇಡಿ. ಕೊಂಕಣ ತೀರದ ಬೆನೆ ಇಸ್ರೇಲ್ ಯಹೂದಿಗಳು ಗಾಣದ ಎಣ್ಣೆ ತೆಗೆಯೋರು, ಶನಿವಾರ ಗಾಣ ಕಟ್ತಿರಲಿಲ್ಲ, ಅದಕ್ಕೆ ಸುತ್ತಲಿನ ಮರಾಠಿ ಜನ ಅವರನ್ನ ಶನಿವಾರ ತೇಲಿ, ಅಂದ್ರೆ ಶನಿವಾರದ ಗಾಣಿಗರು, ಅಂತಿದ್ರು. ಹೀಬ್ರೂ ಭಾಷೆ ಬಹುಪಾಲು ಮರೆತುಹೋಗಿದ್ರೂ ಶನಿವಾರ ನಿಂತ ಗಾಣ ಇವರು ಯಾರು ಅಂತ ಹೇಳ್ತಿತ್ತು. ಆ ಸಮುದಾಯದಲ್ಲೇ ಮುಂಬೈಲಿ ಹುಟ್ಟಿದ ಸಿಯೋನಾ ಬೆಂಜಮಿನ್ ಈಗ ಅಮೆರಿಕಾದಲ್ಲಿ ಕಲಾವಿದೆ, ನಮ್ಮ ಮಿನಿಯೇಚರ್ ಶೈಲಿಲಿ ನೀಲಿ ಮೈಯ ಹೆಂಗಸರನ್ನ ಬರೀತಾರೆ, ಒಂದರಲ್ಲಂತೂ ಅನೇಕ ಕೈಗಳೇ ಯಹೂದಿಗಳ ಮೆನೋರಾ ದೀಪದ ಕವಲುಗಳಾಗಿವೆ.

ನಮ್ಮ ವಿಜಯಪುರ ಕಡೆ ಸೋಮವಾರ ಎತ್ತು ಹೂಡಲ್ಲ, ಬಸವಣ್ಣನ ದಿನ. ನಮ್ಮ ಮುತ್ಯಾ ಅವತ್ತು ಎತ್ತಿನ ಮೈ ತೊಳೆದು ಬೇವಿನ ಮರದ ಕೆಳಗೆ ಕಟ್ಟಿ, ನೊಗಾನ ಗೋಡೆಗೆ ಒರಗಿಸಿ ಇಡ್ತಿದ್ರು. ಸಬ್ಬತ್ ದಿನ ನಿನ್ನ ಎತ್ತು, ಕತ್ತೆಗೂ ಬಿಡುವು ಕೊಡು ಅಂತ ಬೈಬಲ್ಲಿನಲ್ಲಿ ಓದಿದಾಗ ನನ್ನ ಕಣ್ಣ ಮುಂದೆ ಬಂದಿದ್ದು ಆ ಗೋಡೆಗೆ ಒರಗಿದ ನೊಗ. ಬರೆಯೋಕೆ ಏನಿರುತ್ತೆ ಅಂದ್ರಲ್ಲ, ನಾನಾದ್ರೆ ಅದನ್ನ ಬರೀತೀನಿ.

ನೀವು ಒಪೆನ್‌ಹೈಮ್ ಚಿತ್ರದಿಂದ ಶುರು ಮಾಡಿ. ಮ್ಯೂಸಿಯಂ ವೆಬ್‌ಸೈಟಲ್ಲಿ ಸಿಗುತ್ತೆ, ಝೂಮ್ ಮಾಡಿ ಅಪ್ಪನ ಮುಖ ನೋಡಿ. ನಿಮಗೆ ಅಲ್ಲಿ ಹೆಮ್ಮೆ ಜಾಸ್ತಿ ಕಂಡ್ತಾ ಕಸಿವಿಸಿ ಜಾಸ್ತಿ ಕಂಡ್ತಾ ಅಂತ ಕೆಳಗೆ ಬರೀರಿ, ನನಗೆ ಒಂದೊಂದು ಸಲ ಒಂದೊಂದು ಥರ ಕಾಣುತ್ತೆ.