ಸ್ಟೆಂಟ್ ಹಾಕಿದ್ಮೇಲೂ ಎದೆ ಚುಳುಕ್ ಅನ್ನುತ್ತೆ, ರಾತ್ರಿ ಭಯ ಆಗುತ್ತೆ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನನಗೆ 51 ವರ್ಷ, ಅರಕಲಗೂಡು ಕಡೆಯವನು, ಶುಂಠಿ, ಜೋಳ ಬೆಳೀತೀನಿ. ಯುಗಾದಿ ಕಳೆದ ಮೇಲೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ರು. ಆಮೇಲೂ ಎಡಗಡೆ ಎದೇಲಿ ಚುಳುಕ್ ಚುಳುಕ್ ಅಂತಾನೇ ಇರುತ್ತೆ, ರಾತ್ರಿ ಮಲಗಿದ್ರೆ ಎದೆ ಬಡಿತ ಕಿವೀಲೇ ಕೇಳುತ್ತೆ, ಬೆರಳೆಲ್ಲ ಜೋಮು ಹಿಡಿದು ಬೆವರು ಕಿತ್ಕೊಂಡು ಬರುತ್ತೆ. ಇಸಿಜಿ ಮಾಡಿಸಿದ್ರೆ ನಾರ್ಮಲ್, ‘ಏನೂ ಇಲ್ಲ, ಧೈರ್ಯವಾಗಿರಿ’ ಅಂತಾರೆ. ವಾಟ್ಸಾಪಲ್ಲಿ ಯಾರೋ ಹಾರ್ಟ್ ಅಟ್ಯಾಕಲ್ಲಿ ಹೋದ್ರು ಅಂತ ನೋಡಿದ್ರೆ ಆವತ್ತು ನಿದ್ದೆ ಇಲ್ಲ. ಹೊಲಕ್ಕೆ ಒಬ್ಬನೇ ಹೋಗೋಕೂ ಭಯ. ಇದು ಮತ್ತೆ ಅಟ್ಯಾಕಾ, ಇಲ್ಲ ಬರೀ ಮನಸ್ಸಿಂದಾ?

ಉತ್ತರ: ನಿಮ್ಮ ನೋವೂ ನಿಜ, ಭಯಾನೂ ನಿಜ, ಎರಡಕ್ಕೂ ಟ್ರೀಟ್‌ಮೆಂಟ್ ಇದೆ. ‘ಧೈರ್ಯವಾಗಿರಿ’ ಅಂತ ಹೇಳಿ ಕಳಿಸಿದ್ರೆ ಟ್ರೀಟ್‌ಮೆಂಟ್ ಕೊಟ್ಟಂಗಾಗಲ್ಲ. ಅಟ್ಯಾಕ್ ಆದವರಲ್ಲಿ ಹೆಚ್ಚೂಕಮ್ಮಿ ಐದರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತೆ, ಗಾಬರಿ ಕಾಡೋರೂ ಬಹಳ ಜನ, ಆದ್ರೂ ಡಿಸ್ಚಾರ್ಜ್ ಮಾಡುವಾಗ ಇದನ್ನ ಕೂರಿಸ್ಕೊಂಡು ಹೇಳೋರು ಕಮ್ಮಿ, ಇದು ನನಗೆ ತುಂಬಾ ಬೇಜಾರಿನ ವಿಷಯ.

ಹಾರ್ಟಿನ ನೋವು ಸಾಮಾನ್ಯವಾಗಿ ಎದೆ ಮಧ್ಯ ಅದುಮಿದಂಗೆ, ಬಿಗಿದಂಗೆ ಇರುತ್ತೆ, ಎಲ್ಲಿ ಅಂತ ಕೇಳಿದ್ರೆ ಜನ ಬೆರಳಿಡಲ್ಲ, ಇಡೀ ಅಂಗೈ ಇಟ್ಟು ತೋರಿಸ್ತಾರೆ. ಏರು ಹತ್ತಿದಾಗ, ಮೂಟೆ ಎತ್ತಿದಾಗ ಬರುತ್ತೆ, ಕೂತ್ರೆ ಕೆಲವು ನಿಮಿಷದಲ್ಲಿ ಇಳಿಯುತ್ತೆ, ಭುಜಕ್ಕೋ ದವಡೆಗೋ ಕೈಗೋ ಹರಿಯುತ್ತೆ. ಚುಳುಕ್ ಅಂತ ಕ್ಷಣದಲ್ಲಿ ಬಂದು ಹೋಗೋ ನೋವು, ಬೆರಳಲ್ಲಿ ಒತ್ತಿದ್ರೆ ಜಾಸ್ತಿ ಆಗೋದು, ಮಗ್ಗುಲು ಬದಲಿಸಿದ್ರೆ ಬದಲಾಗೋದು, ಇದು ಪಕ್ಕೆಲುಬು ಮಾಂಸಖಂಡದ್ದೇ ಇರೋ ಸಾಧ್ಯತೆ ಹೆಚ್ಚು. ಊಟ ಮಾಡಿ ಮಲಗಿದ ಕೂಡ್ಲೆ ಉರಿ ಬಂದ್ರೆ ಗ್ಯಾಸ್ಟ್ರಿಕ್ ಇರಬಹುದು, ಆಸ್ಪಿರಿನ್ ತಗೊಳ್ಳೋರಲ್ಲಿ ಇದು ಮಾಮೂಲು. ಆಸ್ಪಿರಿನ್ ಥರಾನೇ ರಕ್ತ ಹೆಪ್ಪುಗಟ್ಟದಂಗೆ ಕೊಡೋ ಟಿಕಾಗ್ರೆಲಾರ್ ಮಾತ್ರೆಯಿಂದ ಕೆಲವರಿಗೆ ಕೂತಲ್ಲೇ ಉಸಿರು ಸಾಲದಂಗೆ ಅನ್ಸುತ್ತೆ, ಡಾಕ್ಟ್ರಿಗೆ ಹೇಳಿದ್ರೆ ಬೇಕಂದ್ರೆ ಬದಲಿಸ್ತಾರೆ, ಆದ್ರೆ ಈ ಮಾತ್ರೆಗಳನ್ನ ನೀವಾಗೇ ಒಂದು ದಿನಾನೂ ನಿಲ್ಲಿಸ್ಬೇಡಿ, ಸ್ಟೆಂಟೊಳಗೆ ರಕ್ತ ಹೆಪ್ಪುಗಟ್ಟಿದ್ರೆ ಅದೇ ಇನ್ನೊಂದು ಅಟ್ಯಾಕ್.

ಹಾಗಂತ ಓದಿ ನೀವೇ ತೀರ್ಮಾನ ಮಾಡ್ಕೋಬೇಡಿ. ನೋವಿಲ್ಲದಾಗ ತೆಗೆದ ಇಸಿಜಿ ನಾರ್ಮಲ್ ಬಂದ್ರೆ ಅದೊಂದೇ ಸಾಲಲ್ಲ, ಶುಗರ್ ಇದ್ರಂತೂ ಹಾರ್ಟಿನ ನೋವು ಬೇರೆ ವೇಷದಲ್ಲೂ ಬರುತ್ತೆ. ಸ್ಟೆಂಟ್ ಹಾಕಿದ ಕಾರ್ಡಿಯಾಲಜಿಸ್ಟ್ ಹತ್ರಾನೇ ಈ ವಾರ ಹೋಗಿ, ಯಾವಾಗ ಬರುತ್ತೆ, ಎಷ್ಟೊತ್ತು ಇರುತ್ತೆ, ಏನು ಮಾಡ್ತಿದ್ದೆ ಅಂತ ಚೀಟೀಲಿ ಬರ್ಕೊಂಡು ಹೋಗಿ, ಎಕೋನೋ (ಹಾರ್ಟಿನ ಸ್ಕ್ಯಾನ್) ಟಿಎಂಟಿನೋ (ನಡೆಸಿ ತೆಗೆಯೋ ಇಸಿಜಿ) ಬೇಕಾ ಅಂತ ಅವರು ಹೇಳ್ಲಿ. ಅಲ್ಲೇ ಇನ್ನೊಂದು ಕೇಳಿ, ನೋವು ಬಂದ್ರೆ ಏನು ಮಾಡ್ಬೇಕು ಅಂತ ಬರೆದು ಕೊಡಿ ಅಂತ. ಸಾಮಾನ್ಯವಾಗಿ ಹೇಳೋದು ಇಷ್ಟು: ಕೆಲಸ ಬಿಟ್ಟು ಕೂತ್ಕೊಳ್ಳಿ, ಡಾಕ್ಟ್ರು ಬರೆದುಕೊಟ್ಟಿರೋ ಸಾರ್ಬಿಟ್ರೇಟ್ (ರಕ್ತನಾಳ ಹಿಗ್ಗಿಸೋ ಮಾತ್ರೆ) ನಾಲಿಗೆ ಕೆಳಗೆ ಇಟ್ಕೊಳ್ಳಿ, ನಿಂತ್ಕೊಂಡು ಬೇಡ, ಬಿಪಿ ಇಳಿದು ತಲೆ ತಿರುಗುತ್ತೆ, ವಯಾಗ್ರಾ ಥರದ ಮಾತ್ರೆ ತಗೊಂಡಿದ್ರಂತೂ ಸಾರ್ಬಿಟ್ರೇಟ್ ಮುಟ್ಟಲೇಬೇಡಿ. 5 ನಿಮಿಷದಲ್ಲಿ ಕಮ್ಮಿ ಆಗ್ಲಿಲ್ಲ ಅಂದ್ರೆ 108ಕ್ಕೆ ಫೋನ್, ಬೈಕ್ ಹತ್ತೋದು ಬೇಡ. ಸರ್ಕಾರದ ಹೃದಯ ಜ್ಯೋತಿ ಯೋಜನೆ ಇರೋ ತಾಲ್ಲೂಕು ಆಸ್ಪತ್ರೇಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಗೆ ಕಳಿಸಿ, ಬೇಕಂದ್ರೆ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಕೊಡ್ತಾರೆ, ನಿಮಗೆ ಹತ್ತಿರದ್ದು ಯಾವುದು ಅಂತ ಈಗಲೇ ವಿಚಾರಿಸಿಡಿ. ಡಾಕ್ಟ್ರು ಬರೆದುಕೊಟ್ಟ ಆ ಚೀಟಿ ಜೇಬಲ್ಲಿದ್ರೆ ಹೊಲಕ್ಕೆ ಹೋಗೋ ಭಯ ಎಷ್ಟೋ ಇಳಿಯುತ್ತೆ, ನನ್ನ ಪೇಷೆಂಟ್‌ಗಳಲ್ಲಿ ನೋಡಿದೀನಿ.

ಚೆಕ್ ಮಾಡಿಸಿ ಹಾರ್ಟ್ ಸರಿಯಿದೆ ಅಂದ ಮೇಲೂ ರಾತ್ರಿ ಹಿಂಗೇ ಆದ್ರೆ ಅದು ಗಾಬರಿ ಇರೋ ಸಾಧ್ಯತೆ ಹೆಚ್ಚು. ಹೆದರಿದಾಗ ನಮಗೇ ಗೊತ್ತಿಲ್ದೆ ಜೋರು ಜೋರಾಗಿ ಉಸಿರಾಡ್ತೀವಿ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ಬೆರಳು, ತುಟಿ ಜೋಮು ಹಿಡಿಯುತ್ತೆ, ಎದೆ ಬಿಗಿಯುತ್ತೆ, ಅದನ್ನ ನೋಡಿ ಭಯ ಇನ್ನೂ ಏರುತ್ತೆ. ಆಗ ಉಸಿರು ಒಳಗೆ ತಗೊಂಡಿದ್ದಕ್ಕಿಂತ ನಿಧಾನಕ್ಕೆ ಹೊರಗೆ ಬಿಡಿ. ಗಳಿಗೆಗೊಮ್ಮೆ ನಾಡಿ ಹಿಡಿದು ನೋಡೋದು, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸೋದು ಬಿಟ್ಬಿಡಿ. ನಿಮ್ಮ ಜಿಲ್ಲೆ ವಿಚಾರ ನನಗೂ ಗೊತ್ತು, 2025ರ ಜೂನ್, ಜುಲೈನಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ನೋಡಿ ಮೈಸೂರು, ಬೆಂಗಳೂರು ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಜನ ಕ್ಯೂ ನಿಂತಿದ್ರು, ಆರೋಗ್ಯವಾಗಿದ್ದವರೇ ಅಷ್ಟು ಹೆದರಿದ ಮೇಲೆ ಅಟ್ಯಾಕ್ ಆದವರು ಹೆದರೋದ್ರಲ್ಲಿ ತಪ್ಪೇನಿದೆ. ಆದ್ರೆ ಆ ಫಾರ್ವರ್ಡ್‌ಗಳನ್ನ ಮ್ಯೂಟ್ ಮಾಡಿ. ಡಾಕ್ಟ್ರು ಒಪ್ಪಿದ ಮೇಲೆ ಸಮತಟ್ಟಾದ ಜಾಗದಲ್ಲಿ 10 ನಿಮಿಷದಿಂದ ನಡಿಗೆ ಶುರು ಮಾಡಿ, ನಡೀತಾ ಮಾತಾಡೋಕೆ ಆಗೋಷ್ಟು ವೇಗ ಸಾಕು. 2 ವಾರದ ಮೇಲೂ ನಿದ್ದೆ ಇಲ್ಲ, ಯಾವುದ್ರಲ್ಲೂ ಆಸಕ್ತಿ ಇಲ್ಲ ಅಂದ್ರೆ ಮನೋವೈದ್ಯರನ್ನ ನೋಡಿ, ಖಿನ್ನತೆ, ಗಾಬರಿಗೆ ಕೊಡೋ ಸರ್ಟ್ರಾಲಿನ್ ಥರದ ಮಾತ್ರೆ ಹಾರ್ಟ್ ಪೇಷೆಂಟ್‌ಗಳಿಗೂ ಕೊಡ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಪ್ರಶ್ನೆ: ನಮ್ಮ ಯಜಮಾನ್ರಿಗೆ ಸ್ಟೆಂಟ್ ಹಾಕಿದಾಗಿಂದ ರಾತ್ರಿ ಎದ್ದೆದ್ದು ಅವರ ಮೂಗಿನ ಹತ್ರ ಕೈ ಇಟ್ಟು ಉಸಿರು ನೋಡ್ತೀನಿ. ಒಂದು ಬಿಂದಿಗೆ ನೀರು ಎತ್ತೋಕೂ ಬಿಡಲ್ಲ, ಅದಕ್ಕೆ ಅವರು ರೇಗ್ತಾರೆ. ನಾನು ಮಾಡ್ತಿರೋದು ಸರೀನಾ ಡಾಕ್ಟ್ರೇ?

ಉತ್ತರ: ಎಷ್ಟು ಸುಸ್ತಾಗಿರ್ತೀರಿ ನೀವು ತಾಯಿ, ಅದನ್ನ ಯಾರೂ ಕೇಳಿರಲ್ಲ. ಪೆಟ್ಟು ಬಿದ್ದ ಹಾರ್ಟಿನ ಮಾಂಸ ಗಟ್ಟಿಯಾಗೋಕೆ ಸುಮಾರು 6ರಿಂದ 8 ವಾರ ಬೇಕು, ಆಮೇಲೆ ಡಾಕ್ಟ್ರು ಹೇಳಿದಷ್ಟು ಕೆಲಸ ಮಾಡಿದ್ರೇನೇ ಅವರಿಗೆ ಒಳ್ಳೇದು, ಎಲ್ಲಾ ನಿಲ್ಲಿಸಿ ಕೂರಿಸಿದ್ರೆ ‘ನಾನು ಇನ್ನು ಯಾವುದಕ್ಕೂ ಬರಲ್ಲ’ ಅಂತ ಅವರ ಮನಸ್ಸಿಗೆ ಬರುತ್ತೆ. ಸಂಜೆ ಅವರ ಜೊತೆ ನಡೀರಿ, ಮಾತ್ರೆ ಡಬ್ಬಿ ಅವರೇ ನೋಡ್ಕೊಳ್ಲಿ. ರಾತ್ರಿ ಕಾವಲು ನೀವೊಬ್ಬರೇ ಕಾಯ್ಬೇಡಿ, ಮಕ್ಕಳಿದ್ರೆ ಒಂದೊಂದು ದಿನ ಆ ರೂಮಲ್ಲಿ ಅವರು ಮಲಗ್ಲಿ. ಮುಂದಿನ ಚೆಕಪ್‌ಗೆ ಅವರ ಜೊತೆ ನೀವೂ ಹೋಗಿ, ಅಲ್ಲೇ ನಿಮ್ಮ ಬಿಪಿ, ಶುಗರೂ ನೋಡಿಸ್ಕೊಂಡು ಬನ್ನಿ.